ಟಿ. ರೆಕ್ಸ್ ಬೆನ್ನ ಹಿಂದಿನ ಕಬ್ಬಿಣ

ಶಿಕಾಗೋ ಕಡೆ ನೆಲೆಸಿರುವ ಮಕ್ಕಳ ಮನೆಗೆ ಊರಿನಿಂದ ಅಪ್ಪ ಅಮ್ಮ ಹೋದರೆ, ಸರೋವರದ ದಂಡೆಯ ಫೀಲ್ಡ್ ಮ್ಯೂಸಿಯಂ ನೋಡದೆ ಹಿಂದಿರುಗುವುದು ಅಪರೂಪ. ಅಲ್ಲಿ 'ಸೂ' ನಿಂತಿದೆ. ಮೂಗಿನಿಂದ ಬಾಲದ ತುದಿಯವರೆಗೆ 12.3 ಮೀಟರ್, ಸೊಂಟದ ಹತ್ತಿರ ಸುಮಾರು 4 ಮೀಟರ್ ಎತ್ತರದ ಟೈರನೊಸಾರಸ್ ರೆಕ್ಸ್. ಬಂದವರೆಲ್ಲ ಅದರ ಬಾಯಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಫೋಟೊದಲ್ಲಿ ಬೀಳುವ ತಲೆ ಮಾತ್ರ ಅಸಲಿಯದಲ್ಲ, ಅಚ್ಚಿನಿಂದ ತೆಗೆದ ಹಗುರವಾದ ನಕಲು. ನಿಜವಾದ ತಲೆಬುರುಡೆ ಅದೇ ಕೋಣೆಯ ಗಾಜಿನ ಪೆಟ್ಟಿಗೆಯೊಂದರಲ್ಲಿ ಪ್ರತ್ಯೇಕವಾಗಿದೆ. ಅದರ ತೂಕ ಸುಮಾರು 272 ಕಿಲೋ. ಪ್ರಾಣಿ ಸತ್ತು ಹೂತುಹೋದ ಮೇಲೆ ಅದರದೇ ಸೊಂಟದ ಮೂಳೆ ತಲೆಯ ಮೇಲೆ ಕೂತು, ಕೋಟ್ಯಂತರ ವರ್ಷ ಅದುಮಿ, ಬುರುಡೆಯನ್ನು ಸೊಟ್ಟಗೆ ಮಾಡಿಬಿಟ್ಟಿತ್ತು. ಅಷ್ಟು ಭಾರವನ್ನು ಕತ್ತಿನ ಮೇಲೆ ನಿಲ್ಲಿಸಬೇಕಾದರೆ ಕಣ್ಣಿಗೆ ರಾಚುವಷ್ಟು ಕಬ್ಬಿಣ ಬೇಕು. ಜೊತೆಗೆ ವಿಜ್ಞಾನಿಗಳಿಗೆ ಆ ತಲೆ ಪದೇಪದೇ ಕೈಗೆ ಸಿಗಬೇಕು. ಆದ್ದರಿಂದ ಮುಂಡ ಒಂದು ಕಡೆ, ತಲೆ ಇನ್ನೊಂದು ಕಡೆ.

ಹಲ್ಲು ನೋಡಿ ಮುಗಿದ ಮೇಲೆ ಒಂದು ಸುತ್ತು ಹಿಂದಕ್ಕೆ ಹೋಗಿ, ಮೂಳೆಗಳನ್ನು ಹಿಡಿದಿರುವ ಕಬ್ಬಿಣವನ್ನು ನೋಡಬೇಕು ಎಂಬುದು ನನ್ನ ಸಲಹೆ. ಪಕ್ಕೆಲುಬಿನ ಒಳಮೈಗೆ ಅಂಟಿಕೊಂಡು ಸಣ್ಣ ಸಣ್ಣ ಲೋಹದ ತೊಟ್ಟಿಲುಗಳಿವೆ. ಒಂದೊಂದು ಮೂಳೆಯ ಉಬ್ಬುತಗ್ಗಿಗೆ ಸರಿಯಾಗಿ ಬಗ್ಗಿಸಿ ಮಾಡಿದವು, ಅಕ್ಕಸಾಲಿಗ ಹರಳನ್ನು ಕಟ್ಟಿನಲ್ಲಿ ಕೂರಿಸುತ್ತಾನಲ್ಲ, ಹಾಗೆ. ಎಲ್ಲಿಯೂ ಮೂಳೆಗೆ ತೂತು ಕೊರೆದಿಲ್ಲ. ಬೇಕೆಂದಾಗ ಒಂದು ಮೂಳೆಯನ್ನಷ್ಟೇ ಬಿಡಿಸಿ, ಅಧ್ಯಯನ ಮಾಡಿ, ಮತ್ತೆ ಅಲ್ಲೇ ಕೂರಿಸಬಹುದು. ಸಂಗ್ರಹಾಲಯದಲ್ಲಿರುವ ಅಸ್ಥಿಪಂಜರಕ್ಕೂ ಸಿರಿವಂತನ ಹಜಾರದಲ್ಲಿರುವ ಅಸ್ಥಿಪಂಜರಕ್ಕೂ ಇರುವ ವ್ಯತ್ಯಾಸವನ್ನು ಒಂದೇ ಮಾತಿನಲ್ಲಿ ಹೇಳು ಎಂದರೆ ನಾನು ಈ ತೊಟ್ಟಿಲುಗಳನ್ನೇ ತೋರಿಸುತ್ತೇನೆ. ಬಿಚ್ಚಲು ಬರುತ್ತದೆಯೇ? ಬಿಚ್ಚಲು ಯಾರಿಗೆ ಅನುಮತಿ ಇದೆ? ಡೈನೋಸಾರ್ ಮೂಳೆಗಳು ನೂರಾರು ಕೋಟಿ ರೂಪಾಯಿಗೆ ಹರಾಜಾಗುತ್ತಿರುವ ಈ ದಿನಗಳಲ್ಲಿ ನಡೆಯುತ್ತಿರುವ ಜಗಳ ಇದರ ಸುತ್ತಲೇ.

ಬಿಚ್ಚಲು ಬಾರದಂತೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ನ್ಯೂಯಾರ್ಕ್ ಕಲಿತದ್ದು ತಡವಾಗಿ. ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಬಾರ್ನಮ್ ಬ್ರೌನ್ 1902ರಲ್ಲಿ ಮೊಂಟಾನಾದ ಹೆಲ್ ಕ್ರೀಕ್ ಪ್ರದೇಶದಲ್ಲಿ ಮೊದಲ ಟಿ. ರೆಕ್ಸ್ ಮೂಳೆಗಳನ್ನು ಅಗೆದರು. 1905ರಲ್ಲಿ ಅದೇ ಸಂಗ್ರಹಾಲಯದ ಹೆನ್ರಿ ಫೇರ್‌ಫೀಲ್ಡ್ ಆಸ್ಬಾರ್ನ್ ಅದಕ್ಕೆ ಹೆಸರಿಟ್ಟರು. 1908ರಲ್ಲಿ ಬ್ರೌನ್ ಅವರಿಗೆ ಇನ್ನೊಂದು, ಇನ್ನೂ ಚೆನ್ನಾದ ತಲೆಬುರುಡೆಯಿದ್ದ ಪ್ರಾಣಿ ಸಿಕ್ಕಿತು. ಒಂದು ಬೇಟೆಯ ಮುಂದೆ ಎರಡು ಟಿ. ರೆಕ್ಸ್‌ಗಳು ಕಾದಾಡುವಂತೆ ನಿಲ್ಲಿಸುವ ಆಸೆ ಆಸ್ಬಾರ್ನ್ ಅವರಿಗಿತ್ತು. ಅದಕ್ಕಾಗಿ ಪುಟ್ಟ ಮಾದರಿಗಳೂ ತಯಾರಾಗಿದ್ದವು. ಕೊನೆಗೆ 1915ರಲ್ಲಿ ನಿಂತದ್ದು ಒಂದೇ ಪ್ರಾಣಿ. ಅದಕ್ಕೆ ಹಿಂಗಾಲುಗಳು ಸಿಕ್ಕಿರಲಿಲ್ಲವಾದ್ದರಿಂದ ಮೊದಲ ಪ್ರಾಣಿಯ ಕಾಲುಗಳ ಅಚ್ಚು ತೆಗೆದು ಜೋಡಿಸಿದರು. ಎದೆ ಸೆಟೆಸಿ, ಬಾಲ ನೆಲಕ್ಕೆ ಊರಿ, ಮನುಷ್ಯರಂತೆ ನೆಟ್ಟಗೆ ನಿಂತ ಆ ಭಂಗಿ ಮುಂದಿನ ಎಂಬತ್ತು ವರ್ಷ ಪಠ್ಯಪುಸ್ತಕ, ಆಟಿಕೆ, ಸಿನಿಮಾಗಳನ್ನೆಲ್ಲ ಆಳಿತು. ನಮ್ಮ ಜಾತ್ರೆಗಳಲ್ಲಿ ಇಂದಿಗೂ ಸಿಗುವ ಪ್ಲಾಸ್ಟಿಕ್ ಡೈನೋಸಾರ್ ಮೂರನೆಯ ಕಾಲಿನಂತೆ ಬಾಲ ಊರಿ ನಿಲ್ಲುವುದು ಆ ಭಂಗಿಯ ಋಣದಿಂದಲೇ.

ಭಂಗಿ ತಪ್ಪಾಗಿತ್ತು. ಬಾಲ ಹಾಗೆ ನೆಲಕ್ಕೆ ಬಗ್ಗಬೇಕಾದರೆ ಅದರ ಬುಡದ ಮಣಿಗಳು ಕೀಲು ತಪ್ಪಬೇಕಾಗುತ್ತದೆ. ಈ ಬಗೆಯ ಡೈನೋಸಾರ್‌ಗಳ ಹೆಜ್ಜೆಗುರುತು ಸಿಕ್ಕ ಕಡೆಗಳಲ್ಲಿ ಬಾಲ ಎಳೆದ ಗೆರೆ ಸಾಮಾನ್ಯವಾಗಿ ಕಾಣುವುದೂ ಇಲ್ಲ. 1970ರ ಹೊತ್ತಿಗೆ ವಿಜ್ಞಾನಿಗಳು ಬೆನ್ನು ನೆಲಕ್ಕೆ ಸಮಾನಾಂತರವಾಗಿತ್ತು, ಬಾಲ ತಕ್ಕಡಿಯ ಇನ್ನೊಂದು ತಟ್ಟೆಯಂತೆ ಹಿಂದಕ್ಕೆ ಚಾಚಿಕೊಂಡಿತ್ತು ಎಂದು ಹೇಳತೊಡಗಿದ್ದರು. ಆದರೆ ಹೇಳಿದೊಡನೆ ತಿದ್ದಲು ಅದು ಗೋಡೆಯ ಮೇಲಿನ ಚಿತ್ರವೇ? ಮೂಳೆಗೆ ರಂಧ್ರ ಕೊರೆದು, ಉಕ್ಕಿನ ಸರಳು ತೂರಿಸಿ, ಸಂದುಗಳಿಗೆ ಪ್ಲಾಸ್ಟರ್ ಮೆತ್ತುವುದು 1915ರ ಕಾಲದ ಪದ್ಧತಿ. ಆ ಕಾಲದ ಕೆಲಸಗಾರರು ತಮ್ಮ ಕೈಯಲ್ಲಿರುವುದು ಕಡೆಯ ಮಾತು ಎಂದು ನಂಬಿದ್ದರು, ಅವರನ್ನು ದೂರುವುದು ನ್ಯಾಯವಲ್ಲ. ಅದನ್ನೆಲ್ಲ ಬಿಡಿಸಿ ಹೊಸ ಭಂಗಿಗೆ ತರುವ ಕೆಲಸ ನಡೆದದ್ದು 1992ರಿಂದ 1995ರವರೆಗೆ. ಅಲ್ಲಿಯವರೆಗೆ ತಪ್ಪೆಂದು ಗೊತ್ತಿದ್ದೇ ಆ ಪ್ರಾಣಿ ನಿಂತಿತ್ತು, ಜನ ಟಿಕೆಟ್ ಕೊಂಡು ನೋಡುತ್ತಿದ್ದರು.

ಸೂ ನಿಂತದ್ದು 2000ದ ಮೇ 17ರಂದು. ಆಗ ಅದರ ಹೊಟ್ಟೆಯ ಕೆಳಗೆ ಇರಬೇಕಾದ ಒಂದು ಸಾಲು ಮೂಳೆಗಳನ್ನು ಹಾಕಿರಲಿಲ್ಲ. ಪಕ್ಕೆಲುಬಿನಂತೆ ಬೆನ್ನಿಗೆ ಸೇರದೆ, ಹೊಟ್ಟೆಯ ಚರ್ಮದ ಒಳಗೆ ಬುಟ್ಟಿಯ ಹೆಣಿಗೆಯಂತೆ ಕೂತಿರುವ ತೆಳು ಮೂಳೆಗಳು ಅವು. ಸೂ ಜೊತೆಗೆ ಅವು ಸಿಕ್ಕಿದ್ದವು, ಆದರೆ ಎಲ್ಲಿ ಹೇಗೆ ಕೂರುತ್ತವೆ ಎಂದು ಖಚಿತವಿರಲಿಲ್ಲ. ಗೊತ್ತಿಲ್ಲದ್ದನ್ನು ಊಹಿಸಿ ಕಟ್ಟುವ ಬದಲು ಎತ್ತಿಟ್ಟರು. ಹದಿನೆಂಟು ವರ್ಷದ ನಂತರ, 2018ರಲ್ಲಿ, ಇಡೀ ಪ್ರಾಣಿಯನ್ನು ಬಿಚ್ಚಿ ಬೇರೆ ಕೋಣೆಗೆ ಸಾಗಿಸುವಾಗ ಅವನ್ನೂ ಸೇರಿಸಿದರು. ಎದೆಯ ಮುಂಭಾಗದ ಕವಲುಮೂಳೆಯ ಜಾಗದಲ್ಲಿದ್ದ ತಪ್ಪನ್ನೂ ತಿದ್ದಿದರು. ಬೇಟೆನಾಯಿಯಂತೆ ಒಳಸರಿದಿದ್ದ ಹೊಟ್ಟೆ ಹೋಗಿ, ಸೂ ಒಮ್ಮೆಲೇ ತುಂಬಿದ ಮೈಯ ಪ್ರಾಣಿಯಾಯಿತು. ಬದುಕಿದ್ದಾಗ ಅದು ಸುಮಾರು 9 ಟನ್ ತೂಗುತ್ತಿತ್ತು ಎಂಬುದು ಈಗಿನ ಅಂದಾಜು.

ಅದರ ಕೆಳದವಡೆಯಲ್ಲಿ ದುಂಡಗಿನ ತೂತುಗಳಿವೆ. ಮೊದಲು ಇನ್ನೊಂದು ಟಿ. ರೆಕ್ಸ್ ಕಚ್ಚಿದ ಗುರುತು ಎಂದರು. 2009ರಲ್ಲಿ ಬೇರೊಂದು ತಂಡ, ಇಲ್ಲ, ಪಾರಿವಾಳ ಮತ್ತು ಹದ್ದುಗಳ ಗಂಟಲಿಗೆ ಬರುವಂಥ ಸೋಂಕು ಎಂದಿತು. ಹಸಿವಿನಿಂದ ಸತ್ತ ದೈತ್ಯನ ಕಥೆ ಪತ್ರಿಕೆಗಳಿಗೆ ಬಹಳ ಹಿಡಿಸಿತು. 2022ರಲ್ಲಿ ಮತ್ತೊಂದು ತಂಡ ಅದೇ ದವಡೆಯನ್ನು ಹತ್ತಿರದಿಂದ ನೋಡಿ, ತೂತಿನ ಅಂಚಿನಲ್ಲಿ ಮೂಳೆ ಮಾಗಿದ ರೀತಿಯನ್ನು ಪರಿಶೀಲಿಸಿ, ಸೋಂಕಿನ ವಾದ ನಿಲ್ಲುವುದಿಲ್ಲ ಎಂದಿತು. ಹಾಗಾದರೆ ಯಾವುದರ ತೂತು? ಪ್ರಶ್ನೆ ಇನ್ನೂ ತೆರೆದೇ ಇದೆ. ನನಗೆ ಇಲ್ಲಿ ಮುಖ್ಯವೆನಿಸುವುದು ಉತ್ತರವಲ್ಲ. ಮೊದಲನೆಯವರು ನೋಡಿದ ಮೂಳೆಯನ್ನೇ ಎರಡನೆಯವರು, ಅವರ ನಂತರ ಮೂರನೆಯವರು, ಯಾರ ಮುಲಾಜೂ ಇಲ್ಲದೆ ನೋಡಲು ಸಾಧ್ಯವಾಯಿತು. ಆ ಮೂಳೆ ಇವತ್ತೂ ಅಲ್ಲೇ ಇದೆ, ನಾಳೆ ಬರುವವರು ಮೂವರನ್ನೂ ಸುಳ್ಳು ಮಾಡಬಹುದು.

ಇಷ್ಟಾದರೂ ಸೂ ಸಂಗ್ರಹಾಲಯಕ್ಕೆ ಬಂದದ್ದು ಸಲೀಸಾಗಿ ಅಲ್ಲ. 1990ರ ಆಗಸ್ಟ್ 12ರಂದು ದಕ್ಷಿಣ ಡಕೋಟಾದ ಫೇತ್ ಎಂಬ ಊರಿನ ಹತ್ತಿರ, ದಿಬ್ಬದ ಬುಡದಲ್ಲಿ ಉದುರಿಬಿದ್ದ ಮೂಳೆಗಳನ್ನು ಕಂಡವರು ಸೂ ಹೆಂಡ್ರಿಕ್ಸನ್. ಹೆಸರು ಬಂದದ್ದು ಅವರಿಂದ. ಅವರಿದ್ದ ತಂಡ ಬ್ಲ್ಯಾಕ್ ಹಿಲ್ಸ್ ಇನ್‌ಸ್ಟಿಟ್ಯೂಟ್ ಎಂಬ ಖಾಸಗಿ ಸಂಸ್ಥೆಯದು, ಪಳೆಯುಳಿಕೆ ಅಗೆದು ಸಿದ್ಧಪಡಿಸಿ ಮಾರುವುದೇ ಅವರ ಕಸುಬು. ಜಮೀನಿನ ಒಡೆಯನಿಗೆ 5,000 ಡಾಲರ್ ಚೆಕ್ ಕೊಟ್ಟು ಮೂಳೆಗಳನ್ನು ಸಾಗಿಸಿದರು. ಆದರೆ ಆ ಜಮೀನು ಸ್ಯೂ ಬುಡಕಟ್ಟಿನವರ ಮೀಸಲು ಪ್ರದೇಶದಲ್ಲಿತ್ತು. ಒಡೆಯನ ಪರವಾಗಿ ಅದನ್ನು ಕೇಂದ್ರ ಸರ್ಕಾರವೇ ನ್ಯಾಸವಾಗಿ ಇಟ್ಟುಕೊಂಡಿತ್ತು. ಸರ್ಕಾರದ ಒಪ್ಪಿಗೆ ಇಲ್ಲದೆ ಮಾರಲು ಬರುತ್ತಿರಲಿಲ್ಲ. 1992ರ ಮೇ ತಿಂಗಳಲ್ಲಿ ಎಫ್‌ಬಿಐ ದಾಳಿ ಮಾಡಿ ಮೂಳೆಗಳನ್ನೆಲ್ಲ ಹೊತ್ತೊಯ್ದಿತು. ಕೋರ್ಟಿನ ತೀರ್ಪು ಒಡೆಯನ ಕಡೆಗಾಯಿತು. ಜಮೀನಿನ ತಕರಾರು ಕಂಡವರಿಗೆ ಈ ಕಥೆ ಪರದೇಶದ್ದು ಅನ್ನಿಸಲಾರದು. ಪಹಣಿಯಲ್ಲಿ ಒಬ್ಬರ ಹೆಸರು, ಅನುಭವದಲ್ಲಿ ಇನ್ನೊಬ್ಬರು, ನಡುವೆ ಸರ್ಕಾರ!

1997ರ ಅಕ್ಟೋಬರ್ 4ರಂದು ನ್ಯೂಯಾರ್ಕಿನ ಸದಬೀಸ್ ಹರಾಜು ಕೋಣೆಯಲ್ಲಿ ಕೂಗು 5 ಲಕ್ಷ ಡಾಲರಿನಿಂದ ಶುರುವಾಗಿ ಹತ್ತು ನಿಮಿಷದೊಳಗೆ ಮುಗಿಯಿತು. ಕಮಿಷನ್ ಸೇರಿ 83.6 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 30 ಕೋಟಿ ರೂಪಾಯಿ. ಕೊಂಡದ್ದು ಫೀಲ್ಡ್ ಮ್ಯೂಸಿಯಂ. ಆದರೆ ಅದರ ಹಿಂದೆ ಮೆಕ್‌ಡೊನಾಲ್ಡ್ಸ್ ಮತ್ತು ಡಿಸ್ನಿ ಕಂಪನಿಗಳ ಹಣವಿತ್ತು. ಪ್ರತಿಯಾಗಿ ಅವರಿಗೆ ಪೂರ್ತಿ ಅಳತೆಯ ಅಚ್ಚಿನ ನಕಲುಗಳು ಸಿಕ್ಕವು. ಬರ್ಗರ್ ಮಾರುವವರ ದುಡ್ಡಿನಲ್ಲಿ ಬಂದ ಮಾಂಸಾಹಾರಿ ಎಂದು ಆಗ ಹಾಸ್ಯ ಮಾಡಿದವರೂ ಇದ್ದರು. ಇಂದು ಹಿಂದಿರುಗಿ ನೋಡಿದರೆ ಅದು ಒಳ್ಳೆಯ ವ್ಯವಹಾರ ಎಂದೇ ನಾನು ಹೇಳುತ್ತೇನೆ. ಕಂಪನಿಗಳು ನಕಲು ತೆಗೆದುಕೊಂಡು ಹೋದವು, ಅಸಲು ಸಾರ್ವಜನಿಕರ ಬಳಿ ಉಳಿಯಿತು.

ಕೆಟ್ಟದ್ದು ಆದದ್ದು ಬೇರೆ ಕಡೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುವುದು ನಮ್ಮ ಗಾದೆ. ಸತ್ತು 6.7 ಕೋಟಿ ವರ್ಷವಾದ ಪ್ರಾಣಿಗೂ ಅದು ಅನ್ವಯಿಸುತ್ತದೆ ಎಂಬುದು ಆ ಹತ್ತು ನಿಮಿಷದಲ್ಲಿ ಅಮೆರಿಕದ ಪಶ್ಚಿಮದ ರೈತರಿಗೆಲ್ಲ ತಿಳಿಯಿತು. ಅಲ್ಲಿಯ ಕಾನೂನಿನ ಪ್ರಕಾರ ಖಾಸಗಿ ಜಮೀನಿನಲ್ಲಿ ಸಿಕ್ಕ ಪಳೆಯುಳಿಕೆ ಜಮೀನುದಾರನದು. ಅಲ್ಲಿಯವರೆಗೆ ವಿಶ್ವವಿದ್ಯಾಲಯದ ಮೇಷ್ಟರು ಬಂದು ಕೇಳಿದರೆ ಅಗೆದುಕೊಳ್ಳಿ ಎನ್ನುತ್ತಿದ್ದವರು, ಗುತ್ತಿಗೆಗೆ ಎಷ್ಟು ಕೊಡುತ್ತೀರಿ ಎಂದು ಕೇಳತೊಡಗಿದರು. ಅವರನ್ನೂ ತಪ್ಪೆನ್ನಲು ಬರುವುದಿಲ್ಲ. ಮಳೆಯಿಲ್ಲದ ಹುಲ್ಲುಗಾವಲಿನಲ್ಲಿ ದನ ಸಾಕುವವನಿಗೆ ದಿಬ್ಬದಲ್ಲಿ ನಿಧಿ ಇದೆ ಎಂದು ಗೊತ್ತಾದ ಮೇಲೆ ಪುಕ್ಕಟೆ ಕೊಡು ಎಂದರೆ ಹೇಗೆ?

ಬೆಲೆ ಎಲ್ಲಿಗೆ ಮುಟ್ಟಿತು ನೋಡಿ. 2020ರ ಅಕ್ಟೋಬರ್‌ನಲ್ಲಿ 'ಸ್ಟಾನ್' ಎಂಬ ಟಿ. ರೆಕ್ಸ್ ಕ್ರಿಸ್ಟೀಸ್ ಹರಾಜಿನಲ್ಲಿ 3.18 ಕೋಟಿ ಡಾಲರಿಗೆ, ಅಂದರೆ 230 ಕೋಟಿ ರೂಪಾಯಿಗೂ ಹೆಚ್ಚಿನ ಬೆಲೆಗೆ ಹೋಯಿತು. ಅಂದಾಜು ಮಾಡಿದ್ದು 60ರಿಂದ 80 ಲಕ್ಷ ಡಾಲರ್ ಮಾತ್ರ. ಸೂ ಅಗೆದ ಸಂಸ್ಥೆಯೇ ಅಗೆದ ಪ್ರಾಣಿ ಅದು, ಪಾಲುದಾರರ ನಡುವಿನ ವ್ಯಾಜ್ಯದಿಂದ ಹರಾಜಿಗೆ ಬಂತು. 2024ರ ಜುಲೈನಲ್ಲಿ 'ಅಪೆಕ್ಸ್' ಎಂಬ ಸ್ಟೆಗೊಸಾರಸ್ 4.46 ಕೋಟಿ ಡಾಲರ್ ಮುಟ್ಟಿತು. ಸಸ್ಯಾಹಾರಿಯೊಂದು ರಾಜನನ್ನೇ ಮೀರಿಸಿದ್ದು ಹೀಗೆ. 2025ರ ಜುಲೈನಲ್ಲಿ ಸೆರಟೊಸಾರಸ್ ಎಂಬ ಮಾಂಸಾಹಾರಿಯ ಮರಿಯೊಂದಕ್ಕೆ 3 ಕೋಟಿ ಡಾಲರಿಗೂ ಹೆಚ್ಚು ಬಂತು. ಈ ಕೂಗಿನಲ್ಲಿ ಕೈ ಎತ್ತುವ ಶಕ್ತಿ ಯಾವ ಸಂಗ್ರಹಾಲಯಕ್ಕಿದೆ? ಅಬುಧಾಬಿಗಿದೆ. ಸ್ಟಾನ್ ಹೋದದ್ದು ಅಲ್ಲಿಗೇ. ಸುಮಾರು ಒಂದೂವರೆ ವರ್ಷ ಕೊಂಡವರು ಯಾರೆಂದು ಹೊರಜಗತ್ತಿಗೆ ತಿಳಿದಿರಲಿಲ್ಲ, 2022ರಲ್ಲಿ ಗುಟ್ಟು ಬಯಲಾಯಿತು. 2025ರ ನವೆಂಬರ್‌ನಲ್ಲಿ ಸಾದಿಯಾತ್ ದ್ವೀಪದಲ್ಲಿ ಆ ಸಂಗ್ರಹಾಲಯ ಬಾಗಿಲು ತೆರೆದಿದೆ. ಶಿಕಾಗೋಗಿಂತ ಬೆಂಗಳೂರಿಗೆ ಅದೇ ಹತ್ತಿರ. ಕೊಲ್ಲಿಯಲ್ಲಿ ದುಡಿಯುವ ಕರಾವಳಿಯ ಮಂದಿಗಂತೂ ಬಸ್ಸಿನ ದಾರಿ.

ಸ್ಟಾನ್ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅದರ ಅಚ್ಚಿನ ನಕಲುಗಳನ್ನು ಬ್ಲ್ಯಾಕ್ ಹಿಲ್ಸ್ ಸಂಸ್ಥೆ ವರ್ಷಗಟ್ಟಲೆ ಮಾರಿತ್ತು. ಮ್ಯಾಂಚೆಸ್ಟರ್ ಸೇರಿದಂತೆ ಎಷ್ಟೋ ಊರಿನ ಸಂಗ್ರಹಾಲಯಗಳಲ್ಲಿ ನಿಂತಿರುವುದು ಸ್ಟಾನ್‌ನ ನಕಲೇ. 2022ರಲ್ಲಿ ಹಾಂಗ್‌ಕಾಂಗ್‌ನಲ್ಲಿ 'ಶೆನ್' ಎಂಬ ಟಿ. ರೆಕ್ಸ್ ಹರಾಜಿಗೆ ಬಂದಾಗ, ಅದರ ತಲೆಯಲ್ಲಿ ಸ್ಟಾನ್‌ನದೇ ಗುರುತುಗಳಿವೆಯಲ್ಲ ಎಂಬ ಪ್ರಶ್ನೆ ಎದ್ದಿತು. ಕಡಿಮೆ ಬಿದ್ದ ಮೂಳೆಗಳ ಜಾಗಕ್ಕೆ ಸ್ಟಾನ್ ಅಚ್ಚು ತುಂಬಿದ್ದರು. ಹರಾಜು ರದ್ದಾಯಿತು. ಅಚ್ಚು ತುಂಬುವುದು ಕಳ್ಳತನವೇನಲ್ಲ, ಎಲ್ಲ ಸಂಗ್ರಹಾಲಯಗಳೂ ತುಂಬುತ್ತವೆ. ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿರುವ 'ಟ್ರಿಕ್ಸ್' ಎಂಬ ಟಿ. ರೆಕ್ಸ್‌ಗೆ ಇಲ್ಲದ ಕಾಲನ್ನು ಕಂಪ್ಯೂಟರಿನಲ್ಲಿ ಪಡಿಯಚ್ಚು ಮಾಡಿ ಮುದ್ರಿಸಿ ಕೊಟ್ಟಿದ್ದಾರೆ. ಯಾವುದು ಅಸಲು, ಯಾವುದು ತುಂಬಿದ್ದು ಎಂದು ಫಲಕದಲ್ಲಿ ಹೇಳಿದರೆ ಅದು ಪ್ರಾಮಾಣಿಕ ಕೆಲಸ, ಬಾಯಿ ಮುಚ್ಚಿಕೊಂಡರೆ ಹಾಲಿಗೆ ನೀರು.

ಟಿ. ರೆಕ್ಸ್‌ಗಳನ್ನೇ ಬದುಕಿನ ಕೆಲಸ ಮಾಡಿಕೊಂಡಿರುವ ಥಾಮಸ್ ಕಾರ್ ಎಂಬ ವಿಜ್ಞಾನಿ 2025ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಅಧ್ಯಯನಕ್ಕೆ ಅರ್ಹವಾದ ಟಿ. ರೆಕ್ಸ್ ಮಾದರಿಗಳಲ್ಲಿ 61 ಸಾರ್ವಜನಿಕ ಸಂಸ್ಥೆಗಳಲ್ಲಿವೆ, 71 ಖಾಸಗಿ ಅಥವಾ ವ್ಯಾಪಾರಿಗಳ ಕೈಯಲ್ಲಿವೆ. ಖಾಸಗಿ ಕಡೆ ಇರುವವುಗಳಲ್ಲಿ ಮರಿಗಳೂ ಎಳೆಯವೂ ಇರುವುದು ಅವರ ದೊಡ್ಡ ಕೊರಗು. ಪ್ರಾಣಿ ಹೇಗೆ ಬೆಳೆಯಿತು ಎಂದು ತಿಳಿಯಬೇಕಾದರೆ ಬೇಕಾದದ್ದು ಅವೇ. ಕಶೇರುಕ ಪಳೆಯುಳಿಕೆ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘ ಖಾಸಗಿ ಸೊತ್ತಾದ ಮೂಳೆಗಳ ಮೇಲೆ ಪ್ರಬಂಧ ಬರೆಯುವುದನ್ನೇ ಒಪ್ಪುವುದಿಲ್ಲ. ಮಡಿವಂತಿಕೆ ಅಂದುಕೊಳ್ಳಬೇಡಿ. ಸೂ ದವಡೆಯ ಕಥೆ ನೆನಪಿಸಿಕೊಳ್ಳಿ. ಇವತ್ತು ಒಬ್ಬ ಧಣಿ ಕರೆದು ತೋರಿಸಿದ ಮೂಳೆ ನಾಳೆ ಅವನ ಮಕ್ಕಳ ಪಾಲುಪಟ್ಟಿಯಲ್ಲಿ ಎಲ್ಲಿಗೆ ಹೋಗುತ್ತದೋ, ಎರಡನೆಯವರು ಪರೀಕ್ಷಿಸುವುದು ಹೇಗೆ?

ವ್ಯಾಪಾರಿಗಳ ವಾದಕ್ಕೂ ಬಲವಿದೆ. ದಿಬ್ಬದಿಂದ ಹೊರಚಾಚಿದ ಮೂಳೆಯನ್ನು ಮಳೆ, ಹಿಮ, ಬಿಸಿಲು ಕೆಲವೇ ವರ್ಷಗಳಲ್ಲಿ ಪುಡಿ ಮಾಡುತ್ತವೆ. ವಿಶ್ವವಿದ್ಯಾಲಯಗಳ ಬಳಿ ಅಷ್ಟು ಕೈಗಳಿಲ್ಲ. ನಾವು ಹೋಗದಿದ್ದರೆ ಸೂ ಮಣ್ಣಾಗುತ್ತಿತ್ತು ಎಂದು ಅವರು ಹೇಳಿದರೆ ಅದಕ್ಕೆ ಉತ್ತರವಿಲ್ಲ. ಅವರ ಕೈಚಳಕವೂ ಕಡಿಮೆಯದಲ್ಲ, ಟ್ರಿಕ್ಸ್ ಅಗೆಯಲು ಡಚ್ ಸಂಗ್ರಹಾಲಯ ಅವರ ನೆರವನ್ನೇ ಪಡೆದಿತ್ತು. ಆದರೆ ಈ ವಾದ ಬೆಲೆ ಸಾವಿರಗಳಲ್ಲಿದ್ದಾಗ ಇದ್ದಷ್ಟು ಗಟ್ಟಿಯಾಗಿ ಈಗಿಲ್ಲ. ದರ ಏರಿದಂತೆ ಅಗೆಯುವವರಿಗೆ ಮೂಳೆಯೊಂದೇ ಲಕ್ಷ್ಯ. ಅದು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಯಾವ ಎಲೆ, ಯಾವ ಮೀನಿನ ಹಲ್ಲು ಇತ್ತು ಎಂದು ಬರೆದಿಡಲು ಹರಾಜುದಾರ ಕಾಸು ಕೊಡುವುದಿಲ್ಲ.

ಈಗ ಚಾಲ್ತಿಗೆ ಬಂದಿರುವ ನಡುದಾರಿ ಎರವಲು. ಅಪೆಕ್ಸ್ ಕೊಂಡ ಹಣಕಾಸು ಉದ್ಯಮಿ ಕೆನ್ ಗ್ರಿಫಿನ್ ಅದನ್ನು ನಾಲ್ಕು ವರ್ಷದ ಮಟ್ಟಿಗೆ ನ್ಯೂಯಾರ್ಕಿನ ಸಂಗ್ರಹಾಲಯಕ್ಕೆ ಕೊಟ್ಟಿದ್ದಾರೆ. ಬರ್ಲಿನ್‌ನಲ್ಲಿ ಕಪ್ಪು ಮೂಳೆಗಳ 'ಟ್ರಿಸ್ಟಾನ್ ಓಟ್ಟೊ' ಎಂಬ ಟಿ. ರೆಕ್ಸ್ 2015ರಿಂದ ವರ್ಷಗಟ್ಟಲೆ ನಿಂತದ್ದೂ ಹೀಗೆಯೇ. ಜನ ನೋಡುತ್ತಾರೆ, ಟಿಕೆಟ್ ಮಾರಾಟವಾಗುತ್ತದೆ, ಒಡೆಯನ ಹೆಸರು ಉಳಿಯುತ್ತದೆ. ಸಂಗ್ರಹಾಲಯದ ಗೋಡೆಯ ಮರ್ಯಾದೆ ಸೇರಿ ಮೂಳೆಯ ಮುಂದಿನ ಬೆಲೆಯೂ ಏರುತ್ತದೆ. ನನಗೆ ಇದರಲ್ಲಿ ಅನುಮಾನ ಹೆಚ್ಚು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿ 2019ರಿಂದ ಟ್ರೈಸೆರಾಟಾಪ್ಸ್ ಒಂದರ ಮೇಲೆ ಕಾಲೂರಿ ತಲೆ ಕಚ್ಚುತ್ತಿರುವ ಟಿ. ರೆಕ್ಸ್ ಕೂಡ ಎರವಲಿನದೇ. ಆದರೆ ಕೊಟ್ಟದ್ದು ಸರ್ಕಾರಿ ಜಮೀನಿನ ಪಾಲಕರಾದ ಸೇನೆಯ ಎಂಜಿನಿಯರುಗಳ ವಿಭಾಗ, ಅವಧಿ 50 ವರ್ಷ. ಎರವಲು ಎಂಬ ಮಾತು ಒಂದೇ, ಕೊಟ್ಟವರು ಬೇರೆ.

ಇಡೀ ಪ್ರಶ್ನೆಯನ್ನು ಕಾನೂನಿನಿಂದಲೇ ಕತ್ತರಿಸಿದ ದೇಶ ಮಂಗೋಲಿಯಾ. ಅಲ್ಲಿ ಪಳೆಯುಳಿಕೆ ರಾಷ್ಟ್ರದ ಸೊತ್ತು. ಟಿ. ರೆಕ್ಸ್‌ನ ಏಷ್ಯಾದ ದಾಯಾದಿ ಟಾರ್ಬೊಸಾರಸ್ ಒಂದು 2012ರಲ್ಲಿ ನ್ಯೂಯಾರ್ಕಿನಲ್ಲಿ 10 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾದಾಗ, ಮಂಗೋಲಿಯಾದ ಅಧ್ಯಕ್ಷರೇ ತಕರಾರು ತೆಗೆದರು. ಮೂಳೆಯ ಬಣ್ಣ, ಅದಕ್ಕೆ ಅಂಟಿದ ಮರಳು ನೋಡಿಯೇ ಇದು ಗೋಬಿ ಮರುಭೂಮಿಯದು ಎಂದು ವಿಜ್ಞಾನಿಗಳು ಸಾಕ್ಷಿ ಹೇಳಿದರು. ಅಮೆರಿಕ ಸರ್ಕಾರ ಹೂಡಿದ ಮೊಕದ್ದಮೆಯ ಹೆಸರು 'ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ ಒಂದು ಟೈರನೊಸಾರಸ್ ಬಟಾರ್ ಅಸ್ಥಿಪಂಜರ'. ಪ್ರತಿವಾದಿ ಡೈನೋಸಾರ್! 2013ರಲ್ಲಿ ಅದು ಉಲಾನ್‌ಬಾತರ್‌ಗೆ ಮರಳಿತು, ಮುಂದೆ ಹಳೆಯ ಲೆನಿನ್ ಸಂಗ್ರಹಾಲಯದ ಕಟ್ಟಡ ಡೈನೋಸಾರ್‌ಗಳ ಮನೆಯಾಯಿತು.

ಭಾರತದಲ್ಲಿ? ಕರ್ನಾಟಕದ ಬಹುಪಾಲು ಕಲ್ಲು ಡೈನೋಸಾರ್‌ಗಳಿಗಿಂತ ನೂರಾರು ಕೋಟಿ ವರ್ಷ ಹಿರಿಯದು, ಹಾಗಾಗಿ ನಾವು ನರ್ಮದೆ, ಗೋದಾವರಿ ಕಣಿವೆಗಳ ಕಡೆ ನೋಡಬೇಕು. ಗೋದಾವರಿ ಕಣಿವೆಯಲ್ಲಿ ಸಿಕ್ಕ ಸಸ್ಯಾಹಾರಿ ಬಾರಾಪಾಸಾರಸ್ ಟಾಗೋರಿಯನ್ನು ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ 1970ರ ದಶಕದಲ್ಲಿಯೇ ಜೋಡಿಸಿ ನಿಲ್ಲಿಸಿದ್ದಾರೆ. ಸಂಖ್ಯಾಶಾಸ್ತ್ರದ ಸಂಸ್ಥೆಯೊಳಗೆ ಡೈನೋಸಾರ್ ಇರುವುದನ್ನು ಕೇಳಿ ನಕ್ಕವರು ಅದನ್ನು ಒಮ್ಮೆ ನೋಡಿ ಬರಬೇಕು. ಮಾಂಸಾಹಾರಿಗಳ ವಿಷಯ ಅಷ್ಟು ನೆಟ್ಟಗಿಲ್ಲ. ಜಬಲ್ಪುರದ ಬಾರಾ ಸಿಮ್ಲಾ ಗುಡ್ಡದಲ್ಲಿ ನೂರು ವರ್ಷದ ಹಿಂದೆ ಚಾರ್ಲ್ಸ್ ಮ್ಯಾಟ್ಲಿ ಅಗೆದ ಮೂಳೆಗಳಲ್ಲಿ ಕೆಲವು ಸಂಗ್ರಹಗಳ ಕಪಾಟಿನಲ್ಲೇ ಕಾಣೆಯಾದವು. ಸಸ್ಯಾಹಾರಿಗಳಲ್ಲೂ, 1877ರಲ್ಲಿ ಹೆಸರು ಪಡೆದ ಟೈಟಾನೊಸಾರಸ್ ಇಂಡಿಕಸ್‌ನ ಮೂಲ ಮೂಳೆ ಕಳೆದೇಹೋಯಿತು ಎಂದುಕೊಂಡಿದ್ದು, 2012ರಲ್ಲಿ ಕೋಲ್ಕತ್ತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿ ಮತ್ತೆ ಸಿಕ್ಕಿತು. ಕಳ್ಳರು, ಹರಾಜುದಾರರು ಯಾರೂ ಬೇಕಿಲ್ಲ, ಒಂದು ಚೀಟಿ ಉದುರಿದರೆ ಸಾಕು.

ಪಳೆಯುಳಿಕೆಗಳಿಗೆಂದೇ ಗಟ್ಟಿಯಾದ ಕೇಂದ್ರ ಕಾನೂನು ಬೇಕೆಂಬ ಕೂಗು ಹಳೆಯದು. 2022ರ ಕೊನೆಗೆ ಗಣಿ ಸಚಿವಾಲಯ ಭೂಪರಂಪರೆಯ ತಾಣಗಳ ಕರಡು ಮಸೂದೆಯನ್ನು ಜನರ ಮುಂದಿಟ್ಟಿತು. ಅದರಲ್ಲಿ ಎಲ್ಲ ಅಧಿಕಾರವೂ ಒಂದೇ ಸರ್ಕಾರಿ ಇಲಾಖೆಯ ಕೈಗೆ ಹೋಗುತ್ತದೆ ಎಂದು ಹಲವು ವಿಜ್ಞಾನಿಗಳು ಆಕ್ಷೇಪಿಸಿದರು. ಅಂದರೆ ಇಲ್ಲಿಯೂ ಅದೇ ಪ್ರಶ್ನೆ: ಬಿಚ್ಚಲು ಯಾರಿಗೆ ಅನುಮತಿ?

ಗುಜರಾತಿನ ಬಾಲಾಸಿನೋರ್ ಹತ್ತಿರದ ರಾಹಿಯೋಲಿಯಲ್ಲಿ 1980ರ ದಶಕದ ಆರಂಭದಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ಸುರೇಶ್ ಶ್ರೀವಾಸ್ತವ ಮತ್ತು ಸಂಗಡಿಗರು ಮೂಳೆಗಳನ್ನು ಸಂಗ್ರಹಿಸಿದರು. ಅಗೆಯುವಾಗಲೇ ಯಾವ ಮೂಳೆ ಎಲ್ಲಿ ಹೇಗೆ ಬಿದ್ದಿತ್ತು ಎಂದು ನಕ್ಷೆ ಬರೆದಿಟ್ಟರು. ಇಪ್ಪತ್ತು ವರ್ಷದ ಬಳಿಕ ಪಾಲ್ ಸೆರೆನೊ, ಜೆಫ್ರಿ ವಿಲ್ಸನ್, ಅಶೋಕ್ ಸಾಹ್ನಿ ಮೊದಲಾದವರು ಆ ರಾಶಿಯನ್ನು ಹರಡಿಕೊಂಡು ಕೂತಾಗ, ಯಾವುವು ಒಂದೇ ಪ್ರಾಣಿಯವು ಎಂದು ಹೇಳಲು ನೆರವಾದದ್ದು ಆ ನಕ್ಷೆ. 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಹೆಸರು ಬಂತು, ನೆತ್ತಿಯ ಮೇಲೆ ಗಿಡ್ಡ ಕೊಂಬಿನ, ನಮ್ಮದೇ ನೆಲದ ದೊಡ್ಡ ಮಾಂಸಾಹಾರಿ. ಅಸಲಿ ಮೂಳೆಗಳ ಮೇಲೆ ಅದನ್ನು ನಿಲ್ಲಿಸಿದರೆ ತುಂಬಿಸಿದ ಭಾಗವೇ ಹೆಚ್ಚಾದೀತು, ಏಕೆಂದರೆ ಸಿಕ್ಕಿರುವುದು ತಲೆಯ ಒಂದಿಷ್ಟು, ಸೊಂಟ, ಬೆನ್ನು, ಬಾಲ, ಹಿಂಗಾಲುಗಳ ಚೂರುಗಳು. ಬಾಲಾಸಿನೋರಿನಲ್ಲಿ ಮಕ್ಕಳು ಫೋಟೊ ತೆಗೆಸಿಕೊಳ್ಳುವುದು ಬಣ್ಣ ಬಳಿದ ಪ್ರತಿಮೆಯ ಮುಂದೆ. ಪ್ರತಿಮೆ ಇರಲಿ, ಚೆನ್ನಾಗಿಯೇ ಇದೆ. ಅದರ ಪಕ್ಕದಲ್ಲಿ ಆ ನಕ್ಷೆಯ ಒಂದು ದೊಡ್ಡ ಪ್ರತಿಯನ್ನು ಗೋಡೆಗೆ ಹಾಕಿ, ಇಲ್ಲಿ ತಲೆಯ ಚೂರು ಬಿದ್ದಿತ್ತು, ಇಲ್ಲಿ ಸೊಂಟ, ಇಲ್ಲಿ ಬಾಲದ ಮಣಿ ಎಂದು ಬೆರಳಿಟ್ಟು ನೋಡುವಂತೆ ಮಾಡಿದರೆ ನಾನು ಅದರ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತೇನೆ.